ನೋಡಿದ್ದು ಬೆಂಕಿ, ಕಲಿತದ್ದೇನು?

ಹೈಸ್ಕೂಲಿನ ಮೈದಾನಕ್ಕೆ ಕೆಂಪು ಜಲವಾಹನ ಬಂದು ನಿಂತರೆ ಅಂದಿನ ಪಾಠಗಳು ಮುಗಿದ ಹಾಗೆಯೇ. ನಾಗಮಂಗಲ, ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ, ಎಲ್ಲಿ ಹೋಗಿ ನೋಡಿದರೂ ಅಗ್ನಿಶಾಮಕ ಪ್ರಾತ್ಯಕ್ಷಿಕೆಯ ಕ್ರಮ ಹೆಚ್ಚು ಕಡಿಮೆ ಒಂದೇ. ಸ್ವಾಗತ, ಪರಿಚಯ, ಭಾಷಣ. ತಗಡಿನ ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ. ಅದರ ಮೇಲೆ ಅಗ್ನಿನಂದಕದ ಬಿಳಿ ಪುಡಿ. ಹೊತ್ತಿಸಿದ ಸಿಲಿಂಡರಿಗೆ ಒದ್ದೆ ಗೋಣಿಚೀಲ. ಕೊನೆಗೆ ಪೈಪಿನಿಂದ ಮುಗಿಲೆತ್ತರಕ್ಕೆ ನೀರು, ಮಕ್ಕಳ ಕೇಕೆ, ಗುಂಪು ಫೋಟೊ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯೂ ಭಾಷಣದ ನಡುವೆ ಒಮ್ಮೆ ಬಂದುಹೋಗುತ್ತದೆ.

ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಹೋಬಳಿ ಕೇಂದ್ರದ ಮಕ್ಕಳಿಗೆ ಈ ತರಬೇತಿ ಬೇಕೇ ಎಂದು ಕೇಳಿದರೆ ಖಂಡಿತ ಬೇಕು. ಈಗ ನಡೆಯುವ ರೀತಿಯಲ್ಲಿ ನಡೆದರೆ ಸಾಕೇ ಎಂದು ಕೇಳಿದರೆ ಸಾಲದು. ಶಿಷ್ಯರ ಆಯ್ಕೆ ಸರಿಯಾಗಿದೆ, ಪಠ್ಯದ ಆಯ್ಕೆ ತಪ್ಪಿದೆ ಎಂಬುದು ನನ್ನ ವಾದ.

ಮೊದಲು ಶಿಷ್ಯರ ಮಾತು. ಎಂಟರಿಂದ ಹತ್ತನೇ ತರಗತಿಯ ಹುಡುಗ ಹುಡುಗಿಯರೇ ಏಕೆ? ಹಳ್ಳಿಯ ದಿನಚರಿಯಲ್ಲೇ ಉತ್ತರವಿದೆ. ಸಂಜೆ ಶಾಲೆ ಬಿಟ್ಟು ಇವರು ಮನೆ ಸೇರುವ ಹೊತ್ತಿಗೆ ಅಪ್ಪ ಅಮ್ಮ ಹೊಲದಲ್ಲಿರುತ್ತಾರೆ, ಇಲ್ಲವೇ ಕೂಲಿಯಿಂದ ಇನ್ನೂ ಮರಳಿರುವುದಿಲ್ಲ. ಮನೆಯಲ್ಲಿರುವುದು ಮಂಡಿನೋವಿನ ಅಜ್ಜಿ ಮತ್ತು ಪ್ರಾಥಮಿಕ ಶಾಲೆಯ ತಮ್ಮ ತಂಗಿ. ಆ ಎರಡು ಗಂಟೆ ಮನೆಯ ಯಜಮಾನಿಕೆ ಹದಿನಾಲ್ಕರ ಹುಡುಗಿಯದು. ಗ್ಯಾಸ್ ಹಚ್ಚುವವಳೂ ಅವಳೇ, ನೀರೊಲೆಗೆ ತೆಂಗಿನ ಗರಿ ತುರುಕುವವಳೂ ಅವಳೇ. ಅನಾಹುತವಾದರೆ ಮೊದಲ ನಿರ್ಧಾರ ತೆಗೆದುಕೊಳ್ಳಬೇಕಾದವಳೂ ಅವಳೇ. ಹೀಗಾಗಿ ಅಗ್ನಿಶಾಮಕ ಇಲಾಖೆ ಹೈಸ್ಕೂಲಿನ ಬಾಗಿಲು ತಟ್ಟಿರುವುದು ಯೋಗ್ಯವಾಗಿಯೇ ಇದೆ.

ದೂರದ ಲೆಕ್ಕವೂ ಇದನ್ನೇ ಹೇಳುತ್ತದೆ. ಗ್ರಾಮೀಣ ಭಾಗದಲ್ಲಿ ಕರೆ ಬಂದ 20 ನಿಮಿಷದೊಳಗೆ ವಾಹನ ಸ್ಥಳ ತಲುಪಬೇಕೆಂಬುದು ದೇಶದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿ ಹಾಕಿಕೊಟ್ಟ ಅಳತೆ. ತಾಲ್ಲೂಕು ಕೇಂದ್ರದ ಠಾಣೆಯಿಂದ 15 ಕಿಲೋಮೀಟರ್ ದೂರದ ಹಳ್ಳಿಗೆ, ನೀರು ತುಂಬಿದ ಲಾರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೂ 22 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ರಸ್ತೆಯುಬ್ಬು, ಎದುರಾಗುವ ಕಬ್ಬಿನ ಗಾಡಿ, ಊರೊಳಗಿನ ಇಕ್ಕಟ್ಟು ಓಣಿ ಈ ಲೆಕ್ಕದಲ್ಲಿ ಸೇರಿಲ್ಲ. ಒಣಹುಲ್ಲಿನ ಮೆದೆ ಅಷ್ಟು ಹೊತ್ತು ಕಾಯುವುದಿಲ್ಲ. ಸಿಬ್ಬಂದಿ ಎಷ್ಟೇ ಚುರುಕಾಗಿದ್ದರೂ ಮೊದಲ ಇಪ್ಪತ್ತು ನಿಮಿಷ ಊರಿನವರದೇ. ತರಬೇತಿಯನ್ನು ಒರೆಗೆ ಹಚ್ಚಬೇಕಾದದ್ದು ಈ ಇಪ್ಪತ್ತು ನಿಮಿಷದ ಮೇಲೆ.

ಹಾಗೆ ಒರೆಗೆ ಹಚ್ಚಿದರೆ ಪ್ರಾತ್ಯಕ್ಷಿಕೆಯ ಬಹುಪಾಲು ಸಮಯ ಇಪ್ಪತ್ತು ನಿಮಿಷದ ಆಚೆಗಿನ ಸಂಗತಿಗಳಿಗೇ ವ್ಯಯವಾಗುತ್ತದೆ. ನೀರಿನ ಪೈಪು, ಏಣಿ, ಪಂಪು, ಸಮವಸ್ತ್ರ ಇವೆಲ್ಲ ವಾಹನ ಬಂದ ಮೇಲಿನ ಕತೆ. ಅವುಗಳನ್ನು ನೋಡಿ ಮಕ್ಕಳಿಗೆ ಇಲಾಖೆಯ ಮೇಲೆ ಗೌರವ ಹುಟ್ಟುತ್ತದೆ, ಒಬ್ಬಿಬ್ಬರು ಮುಂದೆ ಆ ಕೆಲಸಕ್ಕೇ ಸೇರಲೂಬಹುದು. ಅದು ಸಣ್ಣ ಲಾಭವಲ್ಲ. ಆದರೆ ಅಡುಗೆಮನೆಯಲ್ಲಿ ನಿಂತ ಹುಡುಗಿಗೆ ಅದರಿಂದ ಸಿಗುವುದೇನು?

ನಂದಕದ ಪಾಠ ಮನೆಗೆ ಸ್ವಲ್ಪ ಹತ್ತಿರದ್ದು. ಪಿನ್ ಎಳೆ, ಬೆಂಕಿಯ ಬುಡಕ್ಕೆ ಗುರಿಯಿಡು, ಹಿಡಿಕೆ ಒತ್ತು, ಎಡಕ್ಕೂ ಬಲಕ್ಕೂ ಬೀಸು ಎಂಬ ನಾಲ್ಕು ಹೆಜ್ಜೆಗಳು ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ. ತೊಡಕಿರುವುದು ‘ಕೈಯಾರೆ’ ಎಂಬಲ್ಲಿಯೇ. ಒಂದು ನಂದಕ ಅರ್ಧ ನಿಮಿಷವೂ ಬಾಳುವುದಿಲ್ಲ, ಖಾಲಿಯಾದರೆ ಮರಳಿ ತುಂಬಿಸಲು ದುಡ್ಡು ಬೇಕು. ಆದ್ದರಿಂದ ಮುಂದಿನ ಸಾಲಿನ ಇಬ್ಬರು ಮೂವರು ಹಿಡಿಯುತ್ತಾರೆ, ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ. ಈಜನ್ನು ದಡದಲ್ಲಿ ಕೂತು ಕಲಿತ ಹಾಗಾಯಿತು ಇದು. ಹಾಗೆ ಮುಂದೆ ಬರುವವರು ಬಹುತೇಕ ಹುಡುಗರೇ. ಒಲೆಯ ಮುಂದೆ ದಿನಾ ನಿಲ್ಲುವವರು ಹಿಂದಿನ ಸಾಲಿನಲ್ಲಿ ಉಳಿಯುತ್ತಾರೆ.

ಒದ್ದೆ ಗೋಣಿಯ ಪ್ರಸಂಗವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುವುದು ಅದಕ್ಕೇ. ಉರಿಯುವ ಸಿಲಿಂಡರನ್ನು ಸಿಬ್ಬಂದಿ ಸಲೀಸಾಗಿ ಮುಚ್ಚಿ ಆರಿಸುತ್ತಾರೆ, ಸಿಲಿಂಡರ್ ಎಂದರೆ ಬಾಂಬ್ ಎನ್ನುವ ಭಯ ಕರಗುತ್ತದೆ. ಒಳ್ಳೆಯದೇ. ಆದರೆ ಸಿಬ್ಬಂದಿಯ ಇನ್ನೊಂದು ಕೈ ಅದೇ ಗಳಿಗೆಯಲ್ಲಿ ವಾಲ್ವ್ ತಿರುಗಿಸಿದ್ದು ಹಿಂದಿನ ಸಾಲಿಗೆ ಕಾಣುವುದಿಲ್ಲ. ಅನಿಲ ಹರಿಯುತ್ತಿರುವಾಗ ಉರಿಯನ್ನಷ್ಟೇ ಆರಿಸಿದರೆ ಅಪಾಯ ಮುಗಿಯುವುದಿಲ್ಲ, ಬಣ್ಣ ಬದಲಿಸುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ, ಮೂಲೆಯಲ್ಲಿ ಮಡುಗಟ್ಟಿ, ಪಕ್ಕದ ಕೋಣೆಯ ನೀರೊಲೆಯ ಕೆಂಡಕ್ಕೋ ಸ್ವಿಚ್ಚಿನ ಕಿಡಿಗೋ ಕಾಯುತ್ತದೆ. ಮಗು ಕಲಿಯಬೇಕಾದದ್ದು ಗೋಣಿ ಎಸೆಯುವ ಸಾಹಸಕ್ಕಿಂತ ಮೊದಲಿನ ಪಾಠ. ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಹಾಕಲೂ ಬಾರದು ಆರಿಸಲೂ ಬಾರದು. ರೆಗ್ಯುಲೇಟರ್ ಬಂದ್ ಮಾಡಬೇಕು, ಬಾಗಿಲು ಕಿಟಕಿ ತೆರೆಯಬೇಕು, ಎಲ್ಲರನ್ನೂ ಹೊರಗೆ ಕರೆತಂದು 1906ಕ್ಕೆ ಫೋನ್ ಮಾಡಬೇಕು. ಅನಿಲ ಸೋರಿಕೆಗೆಂದೇ ಇರುವ ಈ ಸಂಖ್ಯೆ ಹಳ್ಳಿಯ ಎಷ್ಟು ಮನೆಗಳಲ್ಲಿ ಗೊತ್ತು?

ಈ ಸಾಹಸದ ಮಾತಿಗೆ ನಮ್ಮ ಸೀಮೆಯಲ್ಲಿ ಬೇರೆಯೇ ತೂಕವಿದೆ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು, ಜಾತ್ರೆಯಲ್ಲಿ ಕೊಂಡ ಹಾಯುವುದನ್ನು ನೋಡಿ ಬೆಳೆದ ಮಕ್ಕಳು ಇವರು. ಬೆಂಕಿಯ ಎದುರು ಹಿಂದೆ ಸರಿಯದಿರುವುದೇ ಗಂಡಸುತನ, ಅದೇ ಭಕ್ತಿ ಎಂದು ಊರು ಅವರಿಗೆ ಆಗಲೇ ಕಲಿಸಿದೆ. ಅಂಥವರ ಮುಂದೆ ಮತ್ತೆ ‘ಬೆಂಕಿಗೆ ಹೆದರಬೇಡಿ’ ಎಂದು ಭಾಷಣ ಮಾಡಿದರೆ ತುಂಬಿದ ಕೊಡಕ್ಕೇ ನೀರು ಸುರಿದಂತೆ. ಎಲ್ಲಿಯವರೆಗೆ ನಿಲ್ಲಬೇಕು, ಯಾವಾಗ ಬಿಟ್ಟು ಓಡಬೇಕು ಎನ್ನುವ ಗೆರೆ ಎಳೆದು ತೋರಿಸುವುದೇ ತರಬೇತಿಯ ನಿಜವಾದ ಕೆಲಸ. ಜ್ವಾಲೆ ನಿನ್ನ ಸೊಂಟಕ್ಕಿಂತ ಎತ್ತರವಾಗಿದ್ದರೆ ಬಿಟ್ಟುಬಿಡು. ಬೆನ್ನ ಹಿಂದೆ ಬಾಗಿಲಿಲ್ಲದಿದ್ದರೆ ಬಿಟ್ಟುಬಿಡು. ಹೊಗೆ ತುಂಬಿದ ಕೋಣೆಯಲ್ಲಿ ನಿಲ್ಲಬೇಡ, ನೆಲಕ್ಕೆ ಬಾಗಿ ತೆವಳಿ ಹೊರಗೆ ಬಾ. ಇಂಥ ನಾಲ್ಕಾರು ಸರಳ ನಿಯಮಗಳು ಮೈದಾನದ ನೀರಾಟಕ್ಕಿಂತ ಹೆಚ್ಚು ಜೀವ ಉಳಿಸಿಯಾವು.

ನಮ್ಮ ರಾಜ್ಯದ ದುರಂತಗಳೂ ಇದನ್ನೇ ಹೇಳುತ್ತವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅಲ್ಲಿ ನೂಕುನುಗ್ಗಲೂ ಜೀವ ತೆಗೆಯಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನದೇ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಮಂದಿ ಹೋದರು. ಅಲ್ಲಿ ಜನ ಜ್ವಾಲೆಗಿಂತ ಹೊಗೆಗೆ ಸಿಕ್ಕಿ ಕಂಗೆಟ್ಟರು. ಎರಡೂ ಕಡೆ ಬೇಕಾಗಿದ್ದುದು ದಾರಿ ಮತ್ತು ದಾರಿ ಹಿಡಿಯುವ ಶಿಸ್ತು.

ಪಠ್ಯದ ಇನ್ನೊಂದು ಕೊರತೆ, ಅದು ಈ ಊರಿನದಲ್ಲ. ಡೀಸೆಲ್ ತಟ್ಟೆಯ ಬೆಂಕಿ ಯಾವ ಊರಿನಲ್ಲಾದರೂ ಒಂದೇ. ಆದರೆ ನಾಗಮಂಗಲ ಸೀಮೆಯ ಬೆಂಕಿಗೆ ಅದರದೇ ಕುಲಗೋತ್ರಗಳಿವೆ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಹರಡಿದ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ, ಕಾರಿಗೆ ಕಾರೇ ಸುಟ್ಟ ಸುದ್ದಿ ಹೆಚ್ಚು ಕಡಿಮೆ ಪ್ರತಿ ಸುಗ್ಗಿಯಲ್ಲೂ ಬರುತ್ತದೆ. ಹುಲ್ಲು ಹೇರಿಕೊಂಡು ಹೊರಟ ಲಾರಿಗೆ ಜೋತುಬಿದ್ದ ವಿದ್ಯುತ್ ತಂತಿ ತಗಲುತ್ತದೆ. ಅದೇ ತಂತಿಯ ಕಿಡಿ ಕಟಾವಿಗೆ ಬಂದ ಕಬ್ಬಿನ ಮೇಲೆ ಬೀಳುತ್ತದೆ. ಕಬ್ಬಿನ ತರಗಿಗೆ ರೈತರೇ ಇಟ್ಟ ಬೆಂಕಿ ಗಾಳಿ ತಿರುಗಿ ಪಕ್ಕದವರ ತೆಂಗಿನ ತೋಟಕ್ಕೆ ನುಗ್ಗುತ್ತದೆ. ಆಲೆಮನೆಯ ಒಲೆಯ ಪಕ್ಕದಲ್ಲೇ ಒಣಸಿಪ್ಪೆಯ ರಾಶಿ. ಅತ್ತ ಮೇಲುಕೋಟೆ ವನ್ಯಧಾಮದ, ಇತ್ತ ಆದಿಚುಂಚನಗಿರಿ ನವಿಲುಧಾಮದ ಕುರುಚಲು ಗುಡ್ಡಗಳು ಬೇಸಿಗೆಯಲ್ಲಿ ಬೀಡಿ ತುಂಡಿಗೂ ಹೊತ್ತುವಂತಿರುತ್ತವೆ.

ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉತ್ತರ. ತಂತಿ ತಗುಲಿದ ಲಾರಿಯ ಹತ್ತಿರ ಹೋಗಬಾರದು, ನೀರು ಎರಚಬಾರದು, ಲೈನ್ ಬಂದ್ ಮಾಡಿಸಲು ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೆ ಹೇಳಬೇಕು. ಕಬ್ಬಿನ ಗದ್ದೆ ಹೊತ್ತಿದರೆ ಗಾಳಿ ಬೀಸುವ ದಿಕ್ಕಿಗೆ ಓಡಬಾರದು, ಅಡ್ಡ ಓಡಿ ಪಾರಾಗಬೇಕು. ಮೆದೆಗೆ ಬೆಂಕಿ ಬಿದ್ದರೆ ಅದನ್ನು ಉಳಿಸುವ ಆಸೆ ಬಿಟ್ಟು ಮೊದಲು ಕೊಟ್ಟಿಗೆಯ ಹಗ್ಗ ಬಿಚ್ಚಬೇಕು. ಬಾಣಲೆಯ ಎಣ್ಣೆ ಹೊತ್ತಿದರೆ ಮುಚ್ಚಳ ಮುಚ್ಚಬೇಕೇ ಹೊರತು ನೀರು ಹೊಯ್ಯಬಾರದು. ಸುಟ್ಟ ಗಾಯಕ್ಕೆ ಇಂಕು, ಟೂತ್‌ಪೇಸ್ಟ್ ಮೆತ್ತದೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯಬೇಕು. ಈ ಪಾಠಗಳನ್ನು ಠಾಣೆಯ ಸಿಬ್ಬಂದಿ ಬಲ್ಲರು. ಈ ಕರೆಗಳಿಗೇ ಅವರು ದಿನಾ ಓಡುತ್ತಾರೆ. ಮೈಕು ಕೈಗೆ ಬಂದಾಗ ಮಾತ್ರ ಸಿದ್ಧ ಭಾಷಣ ಅವರ ಅನುಭವವನ್ನು ನುಂಗಿಬಿಡುತ್ತದೆ.

ಫೋನ್ ಮಾಡುವುದೂ ಒಂದು ವಿದ್ಯೆಯೇ. 101 ಅಥವಾ 112 ಎಂದು ಮಕ್ಕಳು ಒಕ್ಕೊರಲಿನಲ್ಲಿ ಹೇಳಿಬಿಡುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ 112ರ ಕರೆಯನ್ನು ಎತ್ತಿಕೊಳ್ಳುವವರು ಬೆಂಗಳೂರಿನಲ್ಲಿ ಕೂತಿರುತ್ತಾರೆ. ಗಾಬರಿಯಲ್ಲಿ ‘ದೇವಲಾಪುರ, ಬೇಗ ಬನ್ನಿ’ ಎಂದಷ್ಟೇ ಕೂಗಿದರೆ ಯಾವ ದೇವಲಾಪುರ? ಮೈಸೂರಿನ ಬಳಿ ಒಂದಿದೆ, ಬಳ್ಳಾರಿ ಜಿಲ್ಲೆಯ ಕಂಪ್ಲಿ ಸೀಮೆಯಲ್ಲಿ ಇನ್ನೊಂದಿದೆ. ಜಿಲ್ಲೆ, ತಾಲ್ಲೂಕು, ಊರು, ಹೊತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರೆಯೇ, ದೊಡ್ಡ ಗಾಡಿ ಬರುವ ರಸ್ತೆ ಯಾವುದು, ಹತ್ತಿರದ ಕೆರೆ ಬೋರ್‌ವೆಲ್ ಎಲ್ಲಿ, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸವನ್ನು ಕನ್ನಡದ ಪೀರಿಯಡ್ಡಿನಲ್ಲೇ ಮಾಡಿಸಬಹುದು. ಅದಕ್ಕೆ ಜಲವಾಹನವೂ ಬೇಡ, ಡೀಸೆಲ್ಲೂ ಬೇಡ.

ಇನ್ನು ಕಾಲದ ಮಾತು. ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಏಪ್ರಿಲ್ 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟೈಕಿನ್’ ಹಡಗು ಸಿಡಿದಾಗ ಮಡಿದ 66 ಅಗ್ನಿಶಾಮಕರ ನೆನಪಿಗೆ ಅದು. ಸ್ಮರಣೆ ಉಚಿತವೇ. ಆದರೆ ಕರ್ನಾಟಕದ ಶಾಲೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ 11ಕ್ಕೇ ಬೇಸಿಗೆ ರಜೆ ಶುರು. ಇಲಾಖೆ ಜಾಗೃತಿಗೆ ಹೊರಡುವ ವಾರ ತರಗತಿಗಳಿಗೆ ಬೀಗ. ಅಷ್ಟರಲ್ಲಿ ಬೆಂಕಿಯ ಋತುವೂ ಬಹುಪಾಲು ಕಳೆದಿರುತ್ತದೆ. ರಾಗಿ, ಹುರುಳಿ ಕಣಕ್ಕೆ ಬಂದು ಮೆದೆಗಳು ಏಳುವ ಡಿಸೆಂಬರ್, ಜನವರಿಯೇ ಇಲ್ಲಿನ ಪಾಠಕ್ಕೆ ಸರಿಯಾದ ಹೊತ್ತು.

ಹೊಣೆಯ ಪ್ರಶ್ನೆಯನ್ನೂ ಬಿಡುವಂತಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಬಿಸಿಯೂಟದ ಅಡುಗೆಕೋಣೆಯ ಕಿಡಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಬೆನ್ನಿಗೆ ಬಂದ ಅವಿನಾಶ್ ಮೆಹ್ರೋತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ಶಾಲೆಗಳಲ್ಲಿ ನಂದಕಗಳಿರಬೇಕು, ಅವನ್ನು ಬಳಸಲು ಶಿಕ್ಷಕರು ಮತ್ತು ಸಿಬ್ಬಂದಿಗೆ ತರಬೇತಿಯಿರಬೇಕು ಎಂದು ಆದೇಶಿಸಿತು. ಗಮನಿಸಿ, ಆದೇಶ ಮೊದಲು ಹೊಣೆ ಹೊರಿಸಿದ್ದು ದೊಡ್ಡವರ ಮೇಲೆ. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ದೊಡ್ಡವರು ಕುರ್ಚಿಯ ಮೇಲೆ ಕೂತಿರುತ್ತಾರೆ. ದಿನವೂ ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ಬಿಸಿಯೂಟದ ಹೆಂಗಸರು ಅಡುಗೆಕೋಣೆಯ ಬಾಗಿಲಿಂದ ಇಣುಕುತ್ತಾರೆ. ಶಾಲೆಯಲ್ಲಿ ನಿಜವಾದ ಬೆಂಕಿ ಇರುವುದು ಅವರ ಕೈಯಲ್ಲಿ. ನಂದಕ ಮೊದಲು ಹಿಡಿಯಬೇಕಾದವರು ಅವರು. ಅಡುಗೆಕೋಣೆಯಲ್ಲಿ ನಂದಕ ಇದೆಯೇ, ಅದರ ಮುಳ್ಳು ಹಸಿರಿನಲ್ಲಿದೆಯೇ ಎಂದು ನೋಡದೆ ಮಕ್ಕಳಿಗೆ ಮಾತ್ರ ಪಾಠ ಹೇಳಿ ಹೋದರೆ, ಸುರಕ್ಷತೆಯ ಭಾರವನ್ನು ಚಿಕ್ಕ ಹೆಗಲಿಗೆ ದಾಟಿಸಿ ದೊಡ್ಡವರು ಕೈ ತೊಳೆದುಕೊಂಡಂತೆ.

ಅಭ್ಯಾಸ ಏನು ಮಾಡಬಲ್ಲದೆಂಬುದಕ್ಕೆ ಜಪಾನಿನ ಕಾಮೈಶಿ ಸಾಕ್ಷಿ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಆ ಊರಿನ ಸುಮಾರು ಮೂರು ಸಾವಿರ ಶಾಲಾಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ದೊಡ್ಡ ತರಗತಿಯ ಮಕ್ಕಳು ಚಿಕ್ಕವರ ಕೈಹಿಡಿದು ಗುಡ್ಡ ಹತ್ತಿದರು. ಅವರಿಗೆ ಅದು ಮೊದಲ ಓಟವಾಗಿರಲಿಲ್ಲ, ವರ್ಷಗಟ್ಟಲೆ ಓಡಿ ರೂಢಿಯಾಗಿತ್ತು. ಅಲ್ಲಿನ ಶಾಲೆಗಳಲ್ಲಿ ನೂಕಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ ಎಂಬ ನಾಲ್ಕು ಮಾತುಗಳೇ ಬೆಂಕಿಯ ಕವಾಯತಿನ ಮಂತ್ರ. ನಮ್ಮಲ್ಲೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ಶಾಲಾ ಸುರಕ್ಷತಾ ಮಾರ್ಗಸೂಚಿ ಇಂಥ ಕವಾಯತನ್ನು ಕೇಳುತ್ತದೆ. ಅದಕ್ಕೆ ಖರ್ಚಿಲ್ಲ. ಗಂಟೆ ಹೊಡೆಯುವುದು, ಸಾಲಾಗಿ ಹೊರಬರುವುದು, ಹಾಜರಿ ಕೂಗುವುದು, ಮೂರೇ ಕೆಲಸ.

ಆದ್ದರಿಂದ ದೇವಲಾಪುರದಲ್ಲಿ ಆಗಲಿ, ಪಕ್ಕದ ತಾಲ್ಲೂಕುಗಳಲ್ಲಿ ಆಗಲಿ, ತರಬೇತಿ ಯಶಸ್ವಿಯಾಯಿತೇ ಎಂದು ತೀರ್ಮಾನಿಸುವ ದಿನ ಜಲವಾಹನ ಬಂದ ದಿನವಾಗಬಾರದು. ಎರಡು ತಿಂಗಳ ಬಳಿಕ, ಯಾರಿಗೂ ಮುನ್ಸೂಚನೆ ಕೊಡದೆ, ಗಣಿತದ ಪೀರಿಯಡ್ಡಿನ ನಡುವೆ ಮುಖ್ಯೋಪಾಧ್ಯಾಯರು ಗಂಟೆ ಹೊಡೆಸಲಿ. ಎಷ್ಟು ನಿಮಿಷದಲ್ಲಿ ಕಟ್ಟಡ ಖಾಲಿಯಾಯಿತು, ಹಾಜರಿಯಲ್ಲಿ ಯಾರು ತಪ್ಪಿದರು, ಅಡುಗೆಕೋಣೆಯ ಗ್ಯಾಸನ್ನು ಯಾರು ಬಂದ್ ಮಾಡಿದರು ಎಂದು ಬರೆದಿಡಲಿ. ಪತ್ರಿಕೆಗೆ ಕಳಿಸುವ ವರದಿಯಲ್ಲಿ ಮುಖ್ಯ ಅತಿಥಿಗಳ ಹೆಸರಿಗೆ ಮೀಸಲಾದ ಸಾಲಿನಲ್ಲಿ ಆ ನಿಮಿಷಗಳ ಲೆಕ್ಕ ಅಚ್ಚಾಗಲಿ. ಮುಂದಿನ ವರ್ಷ ಅದು ಕಡಿಮೆಯಾಗಿದ್ದರೆ ತರಬೇತಿ ನಡೆದಿದೆ ಎಂದರ್ಥ. ಇಲ್ಲವಾದರೆ ನಡೆದದ್ದು ಪ್ರದರ್ಶನವಷ್ಟೇ.