ಹನ್ನೆರಡಕ್ಕೆ ಬೆಳಗಾಗುವ ನಾಡಿಗೆ

ನಾಗಪುರದವರಿಗೆ ಸಫಾರಿ ಎಂದರೆ ಪೆಂಚ್, ತಾಡೋಬಾ. ನಸುಕಿನಲ್ಲಿ ಗೇಟಿನ ಮುಂದೆ ಸಾಲುಗಟ್ಟಿದ ಜಿಪ್ಸಿಗಳು. ಹುಲಿ ನೋಡಿ ಕಾಡಿನ ರುಚಿ ಹತ್ತಿದವರಿಗೆ ಒಂದಲ್ಲ ಒಂದು ದಿನ ಸೆರೆಂಗೆಟಿ, ಮಸಾಯಿ ಮಾರಾದ ಕನಸು ಬೀಳುತ್ತದೆ. ಲೆನ್ಸಿಗೆ ದುಡ್ಡು ಸುರಿಯುವ ಈ ಗೆಳೆಯರಿಗೆ ನನ್ನದೊಂದು ಒತ್ತಾಯ: ಹೊರಡುವ ಮುನ್ನ ಒಂದು ತಿಂಗಳು ಸ್ವಾಹಿಲಿ ಕಲಿಯಿರಿ. ಟಾಂಜಾನಿಯಾ, ಕೀನ್ಯಾ ಎರಡರಲ್ಲೂ ಅದೇ ರಾಷ್ಟ್ರಭಾಷೆ.

ಕನ್ನಡದ ನಾಲಿಗೆಗೆ ಅದು ಬೇಗ ಒಗ್ಗುತ್ತದೆ. ಹೆಚ್ಚುಕಡಿಮೆ ಎಲ್ಲ ಪದಗಳೂ ಸ್ವರದಲ್ಲೇ ಮುಗಿಯುತ್ತವೆ. ಬರೆದಂತೆ ಓದುವುದು, ಕೊನೆಯಿಂದ ಎರಡನೆಯ ಅಕ್ಷರವನ್ನು ಒತ್ತಿ ಹೇಳುವುದು, ಅಷ್ಟೇ. ಡುಕಾ, ಗಾರಿ, ಚಾಯ್, ಚಪಾಟಿ ಇವನ್ನಂತೂ ಕಲಿಯಲೇಬೇಕಾಗಿಲ್ಲ.

ಪದಪಟ್ಟಿ ಬಾಯಿಪಾಠ ಮಾಡುವ ಮೊದಲು ಕ್ಷೇಮ ವಿಚಾರಿಸುವುದನ್ನು ಕಲಿಯಿರಿ. 'ಹುಜಾಂಬೊ?' ಎಂದರೆ 'ಸಿಜಾಂಬೊ'. ಬರೀ 'ಜಾಂಬೊ' ಪ್ರವಾಸಿಗರಿಗೆಂದೇ ಉಳಿದಿರುವ ಮಾತು. ಆಮೇಲೆ 'ಹಬಾರಿ', ನಮ್ಮ ಖಬರು. ಪ್ರಯಾಣದ್ದು, ಮನೆಯದ್ದು, ಕೆಲಸದ್ದು ಒಂದೊಂದಾಗಿ ಕೇಳುತ್ತಾರೆ. ಎಲ್ಲಕ್ಕೂ 'ನ್ಜೂರಿ', ಚೆನ್ನಾಗಿದೆ, ಎಂದರೆ ಸಾಕು. ಇಷ್ಟು ಮುಗಿಯದೆ ವ್ಯವಹಾರದ ಮಾತೆತ್ತುವುದು ಒರಟುತನ. ಹಣ್ಣು ಮಾರುವ ಅಜ್ಜಿಗೆ ಮಾತ್ರ 'ಹುಜಾಂಬೊ' ಸಲ್ಲದು, 'ಶಿಕಮೋ' ಎನ್ನಬೇಕು. ಪಾದ ಹಿಡಿಯುತ್ತೇನೆ ಎಂಬ ಮಾತಿನಿಂದ ಬಂದದ್ದು ಎನ್ನುತ್ತಾರೆ. ಅಜ್ಜಿ 'ಮರಹಾಬಾ' ಎಂದು ಒಪ್ಪಿಸಿಕೊಳ್ಳುತ್ತಾಳೆ. ಹಿರಿಯರಿಗೆ ನಮಸ್ಕರಿಸಿ ಬೆಳೆದ ನಮಗೆ ಇದಕ್ಕಿಂತ ಹತ್ತಿರದ ಮಾತು ಆ ಭಾಷೆಯಲ್ಲಿ ಮತ್ತೊಂದಿಲ್ಲ.

ಇನ್ನು ಗಡಿಯಾರ. ಇಲ್ಲಿ ಎಚ್ಚರ ತಪ್ಪಿದರೆ ಬೆಳಗಿನ ಸಫಾರಿಯೇ ಕೈತಪ್ಪುತ್ತದೆ. ಸಮಭಾಜಕದ ಹತ್ತಿರದ ನಾಡು. ವರ್ಷವಿಡೀ ಸೂರ್ಯ ಹುಟ್ಟುವುದು ಆರರ ಆಸುಪಾಸಿನಲ್ಲೇ. ಸ್ವಾಹಿಲಿಯಲ್ಲಿ ಹಗಲಿನ ಲೆಕ್ಕ ಅಲ್ಲಿಂದಲೇ ಶುರು. ನಮ್ಮ ಬೆಳಗಿನ ಏಳು 'ಸಾ ಮೋಜಾ', ಅಂದರೆ ಒಂದು ಗಂಟೆ. ನಡುಮಧ್ಯಾಹ್ನ 'ಸಾ ಸೀಟಾ', ಆರು ಗಂಟೆ. ಡ್ರೈವರು 'ಸಾ ಕುಮಿ ನಾ ಮ್ಬಿಲಿ ಅಸುಬುಹಿ' ಎಂದರೆ, ಪದಕ್ಕೆ ಪದ ಬೆಳಗಿನ ಹನ್ನೆರಡು. ಗಾಡಿ ಹೊರಡುವುದು ನಮ್ಮ ಆರಕ್ಕೆ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗ ಬಲ್ಲವರಿಗೆ ಇದು ತಟ್ಟನೆ ಹಿಡಿಸುತ್ತದೆ. ಉಳಿದವರು ಮುಳ್ಳಿನ ವಾಚು ಕಟ್ಟಿಕೊಳ್ಳಿ: ಗಂಟೆ ಮುಳ್ಳಿನ ನೇರ ಎದುರಿಗಿರುವ ಅಂಕಿಯೇ ಸ್ವಾಹಿಲಿ ಗಂಟೆ. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ನಮ್ಮ ಲೆಕ್ಕವೇ ಇರುತ್ತದೆ. ಬಾಯಿಮಾತಿನಲ್ಲಿ ಗೊತ್ತುಪಡಿಸಿದ ಸಮಯವನ್ನು ವಾಚು ತೋರಿಸಿಯೇ ಖಚಿತಪಡಿಸಿಕೊಳ್ಳಿ.

ಸಂತೆಗೆ 'ಬೇ ಗಾನಿ' ಬೇಕು, ಬೆಲೆ ಎಷ್ಟು ಎಂದು ಕೇಳಲು. ಟಾಂಜಾನಿಯಾದಲ್ಲಿ ಸಣ್ಣ ವ್ಯಾಪಾರವೂ ಸಾವಿರ ಶಿಲ್ಲಿಂಗುಗಳಲ್ಲಿ ನಡೆಯುವುದರಿಂದ ಹತ್ತರವರೆಗಿನ ಎಣಿಕೆಯ ಜೊತೆ ನೂರಕ್ಕೆ 'ಮಿಯಾ', ಸಾವಿರಕ್ಕೆ 'ಎಲ್ಫು' ಗಟ್ಟಿಮಾಡಿಕೊಳ್ಳಿ. 'ಎಲ್ಫು ಟಾನೊ' ಎಂದರೆ 5,000. ಅದರಾಚೆಗೆ 'ಲಾಕಿ' ಬರುತ್ತದೆ. ಅದು ನಮ್ಮ ಲಕ್ಷವೇ.