ಕೆಲವು ಕ್ಷಣಗಳ ಶಕ್ತಿ, ಶತಮಾನದ ಹೊಗೆ

ಕಾರಿನ ಮೂತಿಯ ಮುಂದೆ ಬಗ್ಗಿ, ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ತಿರುಗಿಸಿದರಷ್ಟೇ ಎಂಜಿನ್ ಚಾಲೂ ಆಗುತ್ತಿದ್ದ ಕಾಲವೊಂದಿತ್ತು. ಕಿಡಿ ಹೊತ್ತುವ ವೇಳೆ ಕೊಂಚ ಹೆಚ್ಚುಕಮ್ಮಿಯಾದರೂ ಹ್ಯಾಂಡಲ್ ಉಲ್ಟಾ ಒದೆಯುತ್ತಿತ್ತು. ಮಣಿಕಟ್ಟು ಮುರಿಯುತ್ತಿತ್ತು, ಕೆಲವೊಮ್ಮೆ ದವಡೆಯೂ. ಮಣಿಕಟ್ಟಿನ ಅಂಥ ಮುರಿತವನ್ನು ಮೂಳೆವೈದ್ಯರು ಇಂದಿಗೂ ಶೋಫರ್ ಫ್ರ್ಯಾಕ್ಚರ್ ಎಂದೇ ಗುರುತಿಸುತ್ತಾರೆ. ನಮ್ಮ ಹಳೆಯ ಬಸ್ಸು, ಲಾರಿಗಳ ಕ್ಲೀನರ್‌ಗಳಿಗೂ ಈ ಒದೆತದ ಭಯ ಚೆನ್ನಾಗಿ ಗೊತ್ತಿತ್ತು. ಕಾರಿನ ಮುಂಭಾಗದಿಂದ ಆ ಹ್ಯಾಂಡಲ್ಲನ್ನು ಕಿತ್ತುಹಾಕಿದವರು ಅಮೆರಿಕದ ಒಹಾಯೊ ರಾಜ್ಯದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ (1876–1958).

ಕೆಟರಿಂಗ್ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಅವರ ಬಗೆಗಿನ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಪಂಗಡ. ಒಂದು, ಸೆಲ್ಫ್ ಸ್ಟಾರ್ಟರ್ ಕೊಟ್ಟ ಪ್ರತಿಭಾವಂತನ ಗುಣಗಾನ. ಇನ್ನೊಂದು, ಪೆಟ್ರೋಲಿಗೆ ಸೀಸ ಬೆರೆಸಿದ ಕಂಪನಿಯ ಮೊದಲ ಅಧ್ಯಕ್ಷನ ಮೇಲಿನ ಆರೋಪಪಟ್ಟಿ. ಎರಡರಲ್ಲೂ ಸತ್ಯವಿದೆ. ಆದರೆ ಬೇರೆಬೇರೆಯಾಗಿ ಓದಿದಾಗ ಮುಖ್ಯವಾದದ್ದೊಂದು ಕೈತಪ್ಪುತ್ತದೆ. ಈ ಎರಡೂ ಸಾಧನೆಗಳ ಹಿಂದೆ ಒಂದೇ ಯೋಚನಾಕ್ರಮ ಕೆಲಸ ಮಾಡಿದೆ. ಎದುರಿಗಿರುವ ತೊಂದರೆಗೆ ಎಷ್ಟು ಬೇಕೋ ಅಷ್ಟನ್ನೇ ಲೆಕ್ಕ ಹಾಕಿ, ಉಳಿದದ್ದನ್ನು ಲೆಕ್ಕದಿಂದ ಕೈಬಿಡುವ ಕ್ರಮ ಅದು. ಒತ್ತಿದ ಗುಂಡಿಯನ್ನು ಬಿಟ್ಟೊಡನೆ ಕೆಲಸ ಮುಗಿಯುವಲ್ಲಿ ಅದು ಅದ್ಭುತ ಫಲ ಕೊಟ್ಟಿತು. ಗುಂಡಿ ಬಿಟ್ಟ ಮೇಲೂ ಪರಿಣಾಮ ಉಳಿಯುವಲ್ಲಿ ಅನಾಹುತಕ್ಕೆ ದಾರಿಮಾಡಿತು.

ಆರಂಭ ಗಲ್ಲಾಪೆಟ್ಟಿಗೆಯಿಂದ. ದೃಷ್ಟಿದೋಷದಿಂದಾಗಿ ನಡುವೆ ನಿಂತಿದ್ದ ಓದನ್ನು ಪೂರೈಸಿ, 1904ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಕೆಟರಿಂಗ್, ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಸೇರಿದರು. ಅಂಗಡಿಯ ಗುಮಾಸ್ತ ಪ್ರತಿ ಬಿಲ್ಲಿಗೂ ಕೈಯಿಂದ ಹಿಡಿಕೆ ತಿರುಗಿಸಿ ಹಣದ ಡ್ರಾಯರ್ ತೆರೆಯಬೇಕಿತ್ತು. ಆ ಕೆಲಸಕ್ಕೆ ವಿದ್ಯುತ್ ಮೋಟಾರ್ ಹಾಕಿದರೆ ಅದು ಪೆಟ್ಟಿಗೆಗಿಂತ ದೊಡ್ಡದಾಗುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ. ಆ ಲೆಕ್ಕ ದಿನವಿಡೀ ತಿರುಗುವ ಮೋಟಾರಿನದ್ದು. ಡ್ರಾಯರ್ ತೆರೆಯಲು ಬೇಕಾದದ್ದು ಒಂದೇ ಕ್ಷಣದ ಬಲ. ಮುಂದಿನ ಗಿರಾಕಿ ಬರುವಷ್ಟರಲ್ಲಿ ಮೋಟಾರ್ ತಣ್ಣಗಾಗಿರುತ್ತದೆ. ಹಾಗಾಗಿ ಚಿಕ್ಕ ಮೋಟಾರಿನಿಂದ ಅದರ ಶಕ್ತಿ ಮೀರಿದ ಕೆಲಸವನ್ನು ಅರೆಗಳಿಗೆ ಮಾಡಿಸಿಕೊಳ್ಳಬಹುದು. ಇದೇ ಮುಂದೆ ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಸೂತ್ರವಾಯಿತು.

ಅದೇ ಕಂಪನಿಯ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದೊಂದು ಕೊಟ್ಟಿಗೆ ಇತ್ತು. ಹಗಲು ಕಂಪನಿಯ ಕೆಲಸ ಮುಗಿಸಿದ ಒಂದು ಗುಂಪು ರಾತ್ರಿ ಅಲ್ಲಿ ಸೇರುತ್ತಿತ್ತು. ಅವರು ಮೊದಲು ಕೈಹಾಕಿದ್ದು ಇಗ್ನಿಷನ್‌ಗೆ. ಅಂದಿನ ಕಾಯಿಲ್‌ಗಳು ಒಂದು ಕಿಡಿ ಸಾಕಾಗುವ ಕಡೆ ಕಿಡಿಗಳ ಸುರಿಮಳೆಯನ್ನೇ ಸುರಿಸಿ ಡ್ರೈ ಸೆಲ್‌ಗಳನ್ನು ಬೇಗ ಬರಿದು ಮಾಡುತ್ತಿದ್ದವು. ಬೇಕಾದ ಗಳಿಗೆಗೆ ಒಂದೇ ಬಲವಾದ ಕಿಡಿ ಬರುವಂತೆ ಕೆಟರಿಂಗ್ ವ್ಯವಸ್ಥೆ ಮಾಡಿದರು. ಸೆಲ್‌ಗಳ ಆಯುಸ್ಸು ಹಲವು ಪಟ್ಟು ಹೆಚ್ಚಿತು. ಕ್ಯಾಡಿಲಾಕ್‌ನ ಹೆನ್ರಿ ಲೇಲೆಂಡ್ ಅದನ್ನು ಮೆಚ್ಚಿ ಆರ್ಡರ್ ಕೊಟ್ಟರು. 1909ರಲ್ಲಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಅಂದರೆ ಡೆಲ್ಕೊ, ಹುಟ್ಟಿತು. ಬ್ಯಾಟರಿ, ಕಾಯಿಲ್, ಪಾಯಿಂಟ್, ಡಿಸ್ಟ್ರಿಬ್ಯೂಟರ್ ಕೂಡಿದ ಈ ಏರ್ಪಾಡನ್ನು ಕೆಟರಿಂಗ್ ಇಗ್ನಿಷನ್ ಎಂದೇ ಕರೆಯುತ್ತಾರೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೆ ಪಾಯಿಂಟ್ ಸೆಟ್ಟಿಂಗ್ ಮಾಡುತ್ತ ಕೈ ಪಳಗಿಸಿಕೊಂಡ ನಮ್ಮ ಮೆಕ್ಯಾನಿಕ್‌ಗಳು, ಹೆಸರು ತಿಳಿಯದೆಯೇ, ಆ ಕೊಟ್ಟಿಗೆಯಲ್ಲಿ ಶುರುವಾದ ವಿದ್ಯೆಯನ್ನೇ ಕಲಿತವರು.

ಸೆಲ್ಫ್ ಸ್ಟಾರ್ಟರ್‌ನ ಹುಟ್ಟಿಗೆ ಒಂದು ದುರಂತದ ಕಥೆ ಅಂಟಿಕೊಂಡಿದೆ. ಲೇಲೆಂಡ್‌ರ ಗೆಳೆಯ ಬೈರನ್ ಕಾರ್ಟರ್, ದಾರಿಯಲ್ಲಿ ಕೆಟ್ಟು ನಿಂತ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ ದವಡೆ ಮುರಿದುಕೊಂಡು, ಕೊನೆಗೆ ಪ್ರಾಣ ಬಿಟ್ಟರು ಎಂಬ ಕಥೆ ಅದು. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹ್ಯಾಂಡಲ್ ತೊಲಗಬೇಕೆಂದು ಲೇಲೆಂಡ್ ಪಟ್ಟುಹಿಡಿದದ್ದಂತೂ ನಿಜ. 1911ರ ಫೆಬ್ರವರಿಯಲ್ಲಿ ಸ್ಟಾರ್ಟರ್ ಜೋಡಿಸಿದ ಕ್ಯಾಡಿಲಾಕ್ ಸಿದ್ಧವಾಯಿತು. 1912ರ ಮಾದರಿಯ ಕಾರುಗಳು ಸ್ಟಾರ್ಟರ್ ಸಮೇತವೇ ಮಾರುಕಟ್ಟೆಗೆ ಬಂದವು. 1911ರಲ್ಲಿ ಸಲ್ಲಿಸಿದ ಅರ್ಜಿಗೆ 1915ರ ಆಗಸ್ಟ್‌ನಲ್ಲಿ 1,150,523 ಸಂಖ್ಯೆಯ ಪೇಟೆಂಟ್ ಸಿಕ್ಕಿತು.

ಈ ಯಂತ್ರದ ಚೆಲುವು ಅದರ ಮಿತವ್ಯಯದಲ್ಲಿದೆ. ಎಂಜಿನ್ ತಿರುಗಿಸಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರ್ ಬೇಕು ಎಂದು ಬಲ್ಲವರು ವಾದಿಸುತ್ತಿದ್ದಾಗ ಕೆಟರಿಂಗ್ ಗಲ್ಲಾಪೆಟ್ಟಿಗೆಯ ಪಾಠವನ್ನು ಕಾರಿಗೆ ಅನ್ವಯಿಸಿದರು. ಮೂಟೆಯನ್ನು ಹೆಗಲಿಗೆ ಏರಿಸಿಕೊಡುವ ಹಮಾಲಿ ಅದನ್ನು ದಿನವಿಡೀ ಹೊರಬೇಕಿಲ್ಲವಲ್ಲ. 24 ವೋಲ್ಟ್‌ನಲ್ಲಿ ಕೆಲವು ಸೆಕೆಂಡ್ ಫ್ಲೈವೀಲ್ ತಿರುಗಿಸಿ, ಎಂಜಿನ್ ಹೊತ್ತಿಕೊಂಡೊಡನೆ ಅದೇ ಮೋಟಾರ್ ಜನರೇಟರ್ ಆಗಿ ಬದಲಾಗಿ 6 ವೋಲ್ಟ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿತ್ತು. ದೀಪಗಳಿಗೂ ಕಿಡಿಗೂ ಅಲ್ಲಿಂದಲೇ ಕರೆಂಟ್. ಸ್ಟಾರ್ಟಿಂಗ್, ಲೈಟಿಂಗ್, ಇಗ್ನಿಷನ್ ಮೂರನ್ನೂ ಒಂದೇ ವ್ಯವಸ್ಥೆಯಾಗಿ ಕಂಡದ್ದೇ ಇಲ್ಲಿನ ನಿಜವಾದ ಆವಿಷ್ಕಾರ. ಕಾರಿನ ಬಿಡಿ ವಿದ್ಯುತ್ ಭಾಗಗಳಿಗೆ ಅಲ್ಲಿಯವರೆಗೆ ಇಲ್ಲದಿದ್ದ ಒಂದು ಸಂಸಾರ ಕಟ್ಟಿಕೊಟ್ಟದ್ದು ಅದು. ಬ್ರಿಟನ್ನಿನ ಡೀವಾರ್ ಟ್ರೋಫಿ ಕ್ಯಾಡಿಲಾಕ್‌ಗೆ ಎರಡನೇ ಸಲ ಬಂದದ್ದು ಈ ಸಾಧನೆಗಾಗಿ.

ಹಾಗೆಂದು ಎಲ್ಲ ಶ್ರೇಯವನ್ನೂ ಒಬ್ಬರ ಮುಡಿಗೇ ಏರಿಸುವುದು ಸರಿಯಲ್ಲ. ವಿದ್ಯುತ್ ಸ್ಟಾರ್ಟರ್‌ಗೆ ಕ್ಲೈಡ್ ಕೋಲ್ಮನ್ 1903ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಹಕ್ಕನ್ನು ಡೆಲ್ಕೊ ಕೊಳ್ಳಬೇಕಾಯಿತು. ಕೊಟ್ಟಿಗೆಯಲ್ಲಿ ನಿದ್ದೆಗೆಟ್ಟ ಸಂಗಾತಿಗಳ ಹೆಸರು ಪೇಟೆಂಟಿನ ಹಾಳೆಯಲ್ಲಿಲ್ಲ. ಮೊದಲ ಯಂತ್ರವೂ ಭಾರದ್ದು, ಗೋಜಲಿನದ್ದು: ವೋಲ್ಟೇಜ್ ಬದಲಿಸಲು ಬ್ಯಾಟರಿಗಳ ಜೋಡಣೆಯನ್ನೇ ಬದಲಿಸಬೇಕಿತ್ತು. ವಿನ್ಸೆಂಟ್ ಬೆಂಡಿಕ್ಸ್ ರೂಪಿಸಿದ ಸರಳ ಗೇರ್ ಬಂದ ಮೇಲೆ ಸ್ಟಾರ್ಟರ್ ಬೇರೆ, ಡೈನಮೋ ಬೇರೆ ಎಂಬ ವಿನ್ಯಾಸವೇ ರೂಢಿಗೆ ಬಂತು. ಆದರೆ ಒಂದೇ ಯಂತ್ರಕ್ಕೆ ಎರಡೂ ಕೆಲಸ ಒಪ್ಪಿಸುವ ಯೋಚನೆ ಸಾಯಲಿಲ್ಲ. ಇಂದಿನ ಮೈಲ್ಡ್ ಹೈಬ್ರಿಡ್ ಕಾರುಗಳಲ್ಲೂ, ಸದ್ದಿಲ್ಲದೆ ಸ್ಟಾರ್ಟ್ ಆಗುವ ಹೊಸ ಆಕ್ಟಿವಾ ಸ್ಕೂಟರ್‌ನಲ್ಲೂ ಸ್ಟಾರ್ಟರ್ ಮತ್ತು ಜನರೇಟರ್ ಮತ್ತೆ ಒಂದಾಗಿವೆ.

ಸಮಾಜದ ಮೇಲಾದ ಪರಿಣಾಮ ದೊಡ್ಡದು. ತೋಳ್ಬಲವಿದ್ದವರಿಗೇ ಮೀಸಲಾಗಿದ್ದ ಪೆಟ್ರೋಲ್ ಕಾರು ಹೆಂಗಸರಿಗೆ, ವಯಸ್ಸಾದವರಿಗೆ ಕೈಗೆಟುಕಿತು. ಹ್ಯಾಂಡಲ್ ಹೊಡೆಯುವ ಗೊಡವೆಯಿಲ್ಲ ಎಂಬುದು ಅಂದಿನ ಬ್ಯಾಟರಿ ಕಾರುಗಳ ದೊಡ್ಡ ಆಕರ್ಷಣೆಯಾಗಿತ್ತು; ಅದನ್ನು ಸ್ಟಾರ್ಟರ್ ಕಸಿದುಕೊಂಡಿತು. ಜನಸಾಮಾನ್ಯರ ಫೋರ್ಡ್ ಮಾಡೆಲ್ ಟಿಗೆ ಈ ಸೌಲಭ್ಯ ಬಂದದ್ದು 1919ರಲ್ಲಿ.

ಇಷ್ಟು ಗೆಲುವು ಕಂಡ ಯೋಚನೆ ಮೊದಲು ಎಡವಿದ್ದು ಶಾಖದ ವಿಷಯದಲ್ಲಿ. ಜನರಲ್ ಮೋಟಾರ್ಸ್‌ನ ಸಂಶೋಧನಾ ಮುಖ್ಯಸ್ಥರಾಗಿ ಕೆಟರಿಂಗ್, ನೀರಿನ ಬದಲು ತಾಮ್ರದ ರೆಕ್ಕೆಗಳ ಮೂಲಕ ಗಾಳಿಯಿಂದಲೇ ತಣಿಯುವ ಎಂಜಿನ್ ರೂಪಿಸಿದರು. 1923ರಲ್ಲಿ ಅಂಥ 759 ಷೆವ್ರೊಲೆ ಕಾರುಗಳು ತಯಾರಾದವು. ರಸ್ತೆಯಲ್ಲಿ ಎಂಜಿನ್ ಕಾದು ಕೂತಿತು. ಕಂಪನಿ ಕಾರುಗಳನ್ನು ವಾಪಸ್ ಪಡೆಯಿತು. ಎಂಜಿನ್ನಿನ ಶಾಖ ಕ್ಷಣದ ಮಾತಲ್ಲ, ಗಂಟೆಗಟ್ಟಲೆ ಸೇರುತ್ತ ಹೋಗುವ ಮಾತು. ಆದರೂ ಈ ಸೋಲಿನಲ್ಲಿ ನಷ್ಟವಾದದ್ದು ಹಣ ಮಾತ್ರ.

ಸೀಸದ ಕಥೆ ಹಾಗಲ್ಲ. ಎಂಜಿನ್ ಏರು ಹತ್ತುವಾಗ ಟಕಟಕ ಬಡಿದುಕೊಳ್ಳುವ ನಾಕಿಂಗ್‌ಗೆ ಕೆಟರಿಂಗ್ ಅವರ ಇಗ್ನಿಷನ್ನೇ ಕಾರಣ ಎಂಬ ದೂರಿತ್ತು. ತಪ್ಪು ಕಿಡಿಯದ್ದಲ್ಲ, ಇಂಧನದ್ದು ಎಂದು ತೋರಿಸಲು ಅವರು ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರ್‌ನನ್ನು ಕೆಲಸಕ್ಕೆ ಹಚ್ಚಿದರು. ಅಯೋಡಿನ್, ಅನಿಲಿನ್, ಟೆಲ್ಯೂರಿಯಂ ಎಲ್ಲ ಪರೀಕ್ಷಿಸಿದ ಮೇಲೆ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಒಂದು ಗ್ಯಾಲನ್ನಿಗೆ ಚಮಚೆಯಷ್ಟೂ ಬೇಡ, ಬಡಿತ ನಿಂತಿತು. 1923ರ ಫೆಬ್ರವರಿಯಲ್ಲಿ ಡೇಟನ್‌ನ ಪೆಟ್ರೋಲ್ ಬಂಕೊಂದರಲ್ಲಿ ಮಾರಾಟ ಶುರು. ಪಂಪ್‌ಗೆ ಜೋಡಿಸಿದ ಈಥೈಲೈಸರ್ ಎಂಬ ಸಾಧನ, ಗಿರಾಕಿ ಪೆಟ್ರೋಲ್ ಹಾಕಿಸಿಕೊಳ್ಳುವಾಗ ಸೀಸದ ದ್ರವವನ್ನು ಅಳತೆ ಪ್ರಕಾರ ಬೆರೆಸಿಕೊಡುತ್ತಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಕಂಡ ಅಳತೆಯ ಶಿಸ್ತೇ ಇಲ್ಲೂ ಇತ್ತು. ಆದರೆ ಬಂಕಿನ ಹುಡುಗನ ಕೈಯಳತೆಯಲ್ಲಿ ಕೊಟ್ಟದ್ದು ಮಾರಕ ವಿಷ. ಮುಂದೆ ಆ ಬೆರಕೆಯ ಕೆಲಸವನ್ನು ಬಂಕ್‌ಗಳಿಂದ ತೆಗೆದು ದಾಸ್ತಾನು ಕೇಂದ್ರಗಳಿಗೆ ಒಯ್ಯಬೇಕಾಯಿತು.

1924ರ ಅಕ್ಟೋಬರ್‌ನಲ್ಲಿ ನ್ಯೂ ಜೆರ್ಸಿಯ ಬೇವೇ ಸ್ಥಾವರದಲ್ಲಿ ಸೀಸದ ವಿಷವೇರಿ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಈಥೈಲ್ ಗ್ಯಾಸೊಲಿನ್ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದವರು ಕೆಟರಿಂಗ್. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಬೀದಿಬೀದಿಯ ಗಾಳಿಗೆ ಸೀಸ ಸೇರುವ ಅಪಾಯವನ್ನು ಎತ್ತಿ ಹೇಳಿದರು. ಕೆಟರಿಂಗ್ ಸೀಸದ ಪರವಾಗಿ ನಿಂತರು. ನಡುವೆ ನಿಂತಿದ್ದ ಮಾರಾಟ ಮರುವರ್ಷ ಮತ್ತೆ ಶುರುವಾಯಿತು.

ಆ ಕಾಲಕ್ಕೆ ಗೊತ್ತಿರಲಿಲ್ಲ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ಸೀಸ ವಿಷವೆಂಬುದು ಪ್ರಾಚೀನ ಕಾಲದಿಂದ ತಿಳಿದ ವಿಷಯ. ಬದಲಿ ದಾರಿಯೂ ಕಣ್ಣೆದುರಿಗಿತ್ತು: ಆಲ್ಕೋಹಾಲ್ ಬೆರೆಸಿದರೆ ನಾಕಿಂಗ್ ತಗ್ಗುತ್ತದೆಂದು ಕೆಟರಿಂಗ್, ಮಿಜ್ಲಿ ಇಬ್ಬರಿಗೂ ಗೊತ್ತಿತ್ತು. ಯಾರು ಬೇಕಾದರೂ ಭಟ್ಟಿ ಇಳಿಸಬಹುದಾದ ಆಲ್ಕೋಹಾಲ್‌ನಿಂದ ಒಂದೇ ಕಂಪನಿಗೆ ಲಾಭ ಸಿಗದು. ಪೇಟೆಂಟ್ ಪಡೆದ ಸೀಸದಿಂದ ಸಿಗುತ್ತದೆ. ಪೇಟೆಂಟ್ ಪದ್ಧತಿಯ ಒಳದೋಷ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಪ್ರಸಂಗ ಅಪರೂಪ. ಅಂದು ಬದಿಗೆ ಸರಿಸಿದ್ದ ಎಥನಾಲ್ ಇಂದು ಕರ್ನಾಟಕದ ಬಂಕ್‌ಗಳ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಬೆರೆತು ಬರುತ್ತಿದೆ, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುತ್ತಿದೆ.

ಇದೇ ಜೋಡಿಯ ಇನ್ನೊಂದು ರಾಸಾಯನಿಕವಾದ ಫ್ರಿಯಾನ್ ವಿಷಯದಲ್ಲಿ ತೀರ್ಪು ಸ್ವಲ್ಪ ಮೆದುವಾಗಿರಬೇಕು. ಫ್ರಿಜ್‌ಗಳ ವಿಷಾನಿಲಕ್ಕೆ ಬದಲಿಯಾಗಿ ಕೆಟರಿಂಗ್ ಒತ್ತಾಸೆಯಿಂದ ಮಿಜ್ಲಿ ತಂಡ ಕಂಡುಹಿಡಿದ ಇದು, ಮುಂದೆ ಗುಂಡಿ ಒತ್ತಿದರೆ ತುಂತುರು ಚಿಮ್ಮುವ ಸ್ಪ್ರೇ ಡಬ್ಬಿಗಳಿಗೂ ಸೇರಿತು. ಓಜೋನ್ ಪದರಕ್ಕೆ ಅದು ಮಾಡುವ ಹಾನಿ ತಿಳಿದದ್ದು 1970ರ ದಶಕದಲ್ಲಿ. 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಇಲ್ಲಿ ಅಜ್ಞಾನವಿತ್ತು, ಎಚ್ಚರಿಕೆಯನ್ನು ತಳ್ಳಿಹಾಕಿದ್ದಿಲ್ಲ.

ಸೀಸದ ಲೆಕ್ಕ ಬೆಂಗಳೂರಿನವರೆಗೂ ಬಂದಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಮಹಾನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಅಂದಿನ ಸುರಕ್ಷತಾ ಮಿತಿಯಾದ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿತ್ತು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಈ ವಿಷದ ವಿರುದ್ಧ ದಶಕಗಳ ಕಾಲ ದುಡಿದರು. ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನ ಕೊನೆಯ ಬಂಕ್‌ಗಳು, ಅಲ್ಜೀರಿಯಾದಲ್ಲಿ, ಅದನ್ನು ಬಿಟ್ಟದ್ದು 2021ರಲ್ಲಿ.

ಹಾಗಾದರೆ ಈ ಎಂಜಿನಿಯರ್‌ಗೆ ಕೊಡಬೇಕಾದ ಅಂಕವೆಷ್ಟು? ಸ್ಟಾರ್ಟರ್ ಮತ್ತು ಇಗ್ನಿಷನ್ 20ನೇ ಶತಮಾನದ ಶ್ರೇಷ್ಠ ವಿನ್ಯಾಸಗಳ ಸಾಲಿನಲ್ಲಿ ನಿಲ್ಲುತ್ತವೆ. ಸೀಸದ ಪೆಟ್ರೋಲ್ ಆ ಶತಮಾನದ ಘೋರ ಅಪರಾಧಗಳಲ್ಲೊಂದು. ಅದನ್ನು ಪ್ರತಿಭೆಯ ಹೆಸರಿನಲ್ಲಿ ಮನ್ನಿಸಲಾಗದು. ಎಂಜಿನಿಯರಿಂಗ್ ಕಾಲೇಜುಗಳು ಮೊದಲನೆಯದನ್ನು ಮಾತ್ರ ಪಾಠ ಮಾಡುತ್ತವೆ. ಎರಡನ್ನೂ ಒಂದೇ ತರಗತಿಯಲ್ಲಿ, ಒಂದರ ಪಕ್ಕ ಒಂದಿಟ್ಟು ಕಲಿಸಬೇಕು.

ಸ್ಟಾರ್ಟರ್‌ನ ಖಾತೆಯಲ್ಲೂ ಒಂದು ಬಾಕಿ ಉಳಿದಿದೆ. ಸೆಲ್ಫ್ ಹೊಡೆಯುವ ಆ ಕ್ಷಣದ ಶಕ್ತಿಗಾಗಿ ಇಂದಿಗೂ ಬಹುಪಾಲು ವಾಹನಗಳು ಸೀಸದ ಬ್ಯಾಟರಿಯನ್ನೇ ಹೊರುತ್ತವೆ. ಹಳೆಯ ಬ್ಯಾಟರಿಗಳನ್ನು ಒಡೆದು ಬಯಲಿನಲ್ಲಿ ಸೀಸ ಕರಗಿಸುವ ಅನಧಿಕೃತ ಕುಲುಮೆಗಳು ಪೆಟ್ರೋಲ್ ಶುದ್ಧವಾದ ಮೇಲೂ ನೆರೆಯ ಮಕ್ಕಳಿಗೆ ವಿಷ ಉಣಿಸುತ್ತಿವೆ. ಬಳಸಿದ ಬ್ಯಾಟರಿಯನ್ನು ವಾಪಸ್ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹಾಕಿವೆ. ವಾಹನ ಇರುವ ಪ್ರತಿಯೊಬ್ಬ ಓದುಗರೂ ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ, ಹೊಸದನ್ನು ಕೊಳ್ಳುವ ಅಧಿಕೃತ ಅಂಗಡಿಗೇ ಹಿಂದಿರುಗಿಸಲಿ, ಕೊಟ್ಟದ್ದಕ್ಕೆ ರಸೀದಿ ಕೇಳಲಿ.