ನಲಿ-ಕಲಿಯ ಏಣಿಯೂ ಮಗುವಿನ ಪ್ರಶ್ನೆಯೂ

ಪಠ್ಯಪುಸ್ತಕದ ಕಟ್ಟಿನಿಂದ ಎಳೆಯ ಮಕ್ಕಳನ್ನು ಬಿಡಿಸಿದ ಪದ್ಧತಿಯೆಂದು ನಲಿ-ಕಲಿಯನ್ನು ಹೊಗಳುವುದು ವಾಡಿಕೆಯಾಗಿದೆ. ಹೊಗಳಿಕೆ ನಿರಾಧಾರವಾದುದಲ್ಲ, ಆದರೆ ಅದರಲ್ಲಿ ಅರ್ಧ ಸತ್ಯವಿದೆಯೆಂದೇ ನಮ್ಮ ಅಭಿಪ್ರಾಯ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫಿನ ನೆರವಿನಿಂದ ಈ ಪ್ರಯೋಗ ಮೊದಲಾಯಿತು. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕೆಲಸವನ್ನು ಕಂಡುಬಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರೇ ಕುಳಿತು ಪಾಠಗಳನ್ನು ಬಿಡಿಸಿ ಕಾರ್ಡುಗಳನ್ನಾಗಿ ಮಾಡಿದರು. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದು ಈ ಪದ್ಧತಿಯ ವಿಶೇಷ. ಐದೇ ಅಕ್ಷರ ಬಲ್ಲ ಮಗು 'ಸರ', 'ಅರಸ', 'ಅಗಸ' ಎಂದು ಓದಿಬಿಡುತ್ತದೆ. ಅ, ಆ, ಇ, ಈ ಎಂದು ರಾಗವಾಗಿ ಒಪ್ಪಿಸಿಯೂ ಒಂದು ಪದವನ್ನು ಓದಲಾರದೆ ನಿಂತ ಬಾಲ್ಯ ನಮ್ಮಲ್ಲಿ ಅನೇಕರಿಗೆ ನೆನಪಿದ್ದೀತು.

ಕಾರ್ಡುಗಳನ್ನು ಕಲಿಕೆಯ ಏಣಿಯ ಮೆಟ್ಟಿಲುಗಳಿಗೆ ಹೊಂದಿಸಲಾಗಿದೆ. ಮಗು ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಆದರೆ ಏಣಿಯೂ ಮೊದಲೇ ಬರೆದಿಟ್ಟ ಪಾಠಕ್ರಮವೇ ಅಲ್ಲವೆ? ವೇಗವಷ್ಟೇ ಮಗುವಿನದು, ಮುಂದಿನ ಮೆಟ್ಟಿಲು ಯಾವುದೆಂಬುದನ್ನು ಕಾರ್ಡು ನಿರ್ಣಯಿಸುತ್ತದೆ. ಹವಾಮಾನ ನಕ್ಷೆಯನ್ನೇ ನೋಡಿ. ದಿನವೂ ಒಂದು ಮಗು ಬಿಸಿಲು, ಮೋಡ, ಮಳೆಗಳಲ್ಲಿ ಒಂದನ್ನು ಗುರುತಿಸುತ್ತದೆ. ತಿಂಗಳು ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಮಕ್ಕಳೇ ಕೂಡಿಸಿದ ಆಧಾರಗಳು ಸಿದ್ಧವಾಗಿರುತ್ತವೆ. ಮೋಡ ಕವಿದ ದಿನಗಳೆಷ್ಟು, ಮಳೆ ಬಂದ ದಿನಗಳೆಷ್ಟು, ಮೋಡವಿದ್ದೂ ಮಳೆ ಏಕೆ ಬರಲಿಲ್ಲ? ಇವನ್ನು ಮಕ್ಕಳು ಕೇಳಿ ಎಣಿಸಿದರೆ ನಿಜವಾದ ಅನ್ವೇಷಣೆ. ಗುರುತು ಹಾಕಿ ಮುಗಿಸಿದರೆ ಅದು ಹಾಜರಿ ಪುಸ್ತಕಕ್ಕಿಂತ ಮೇಲಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗು ತಾನೇ ಜ್ಞಾನವನ್ನು ಕಟ್ಟಿಕೊಳ್ಳುತ್ತದೆಂಬ ನಿಲುವನ್ನು ಎತ್ತಿಹಿಡಿಯಿತು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವ್ಯಾಪಿಸಿತು. ಈ ವಿಸ್ತಾರದಲ್ಲಿ ನಷ್ಟವೊಂದು ಸಂಭವಿಸಿತೆಂದು ನಮಗೆ ತೋರುತ್ತದೆ. ಕೋಟೆಯ ಉಪಾಧ್ಯಾಯರು ಮಗು ಹೇಗೆ ಕಲಿಯುತ್ತದೆಂದು ತಾವೇ ವಿಚಾರಿಸಿ ಕಾರ್ಡು ಬರೆದವರು. ಮಿಕ್ಕವರಿಗೆ ಕಾರ್ಡು ಅಚ್ಚಾಗಿ ಬಂದಿತು, ವಿಚಾರ ಬರಲಿಲ್ಲ.

ಹಾಗೆಂದು ಏಣಿಯನ್ನು ಎಸೆಯಬೇಕೆಂಬ ವಾದವನ್ನು ನಾವು ಒಪ್ಪಲಾರೆವು. 'ಗ'ದ ಆಕಾರ ಸಮಾಜದ ಒಡಂಬಡಿಕೆ. ಅದನ್ನು ಯಾವ ಮಗುವೂ ತಾನಾಗಿ ಶೋಧಿಸಲಾರದು. ಹೇಳಿಕೊಡಲೇಬೇಕು, ಕ್ರಮವಾಗಿ ಹೇಳಿಕೊಡಬೇಕು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಕೂರಿಸಿಕೊಂಡ ಒಬ್ಬ ಉಪಾಧ್ಯಾಯಿನಿಗೆ ಒಂದು ಗುಂಪಿನ ಬಳಿ ನೆಮ್ಮದಿಯಾಗಿ ಕೂರುವ ಅವಕಾಶವನ್ನು ಕೊಟ್ಟದ್ದೂ ಈ ಏಣಿಯೇ. ಮಳೆಯ ವಿಷಯ ಮಾತ್ರ ಬೇರೆ. ಅದಕ್ಕೆ ಕಾರ್ಡಿಗಿಂತ ಬಿಡುವು ಬೇಕು. ಮಗು ಮುಟ್ಟಿದ ಮೆಟ್ಟಿಲನ್ನು ಗುರುತಿಸುವ ಪ್ರಗತಿನೋಟದಲ್ಲಿ, ಅದು ಆ ವಾರ ಕೇಳಿದ ಪ್ರಶ್ನೆಯನ್ನು ಬರೆದಿಡಲು ಒಂದು ಅಂಕಣವನ್ನು ಕೂಡಿಸಿ ಕೆಲವು ಶಾಲೆಗಳಲ್ಲಿ ಒಂದು ವರ್ಷ ಪರೀಕ್ಷಿಸಬಹುದು. ಶಿಕ್ಷಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಕೆಲಸ ಅಸಾಧ್ಯವೇನಲ್ಲ.